ಲೈನ್ ಸತ್ತಿಲ್ಲ

ಕೆಂಪು, ಈಗ ಮತ್ತೆ ಹಸಿರು, ಪರದೆಯ ಮೇಲೆ ವಾಗ್ಳೆ ಎಸ್ಟೇಟಿನ ಇಂಟರ್ನೆಟ್ ಲೈನು ಬೆಳಗಿನಿಂದ ಹೀಗೇ ಹೋಗಿ ಬರುತ್ತಿದೆ, ಅಪರ್ಣಾಳ ಚಹಾ ಆರಿ ಕೆನೆಗಟ್ಟಿದೆ — ಮಹಾಪೆಯ ಈ ಆಫೀಸಿನ ಎಸಿಯಲ್ಲಿ ಯಾವುದೂ ಬಿಸಿಯಾಗಿ ಉಳಿಯುವುದಿಲ್ಲ — ಇಲ್ಲಿಯ ರೂಟರು ಇದ್ದೇನೆ ಎನ್ನುತ್ತದೆ, ಅಲ್ಲಿಯದು ನಾನೂ ಇದ್ದೇನೆ ಎನ್ನುತ್ತದೆ, ರೆಪ್ಪೆ ಬಡಿಯುವುದರೊಳಗೆ ಎಷ್ಟೋ ಸಲ, ಸಾಲಾಗಿ ಮೂರು ಸಲ ದನಿ ಬಾರದಿದ್ದರೆ ಸತ್ತಿತೆಂದೇ ಲೆಕ್ಕ, ಎಲ್ಲವನ್ನೂ ಬೇರೆ ದಾರಿಗೆ ತಿರುಗಿಸುವುದು, ಬೇಗ ಗೊತ್ತಾಗಬೇಕು, ಇನ್ನೂ ಬೇಗ, ಗಿರಾಕಿಗಳದ್ದು ಒಂದೇ ಹಟ, ಆದರೆ ಪಕ್ಕದ ಕುರ್ಚಿಯ ಬಾಳಪ್ಪ ಬಗ್ಗಿ ನೋಡುತ್ತಾರೆ, ಲೈನ್ ಸತ್ತಿಲ್ರೀ ಅಪರ್ಣಾ, ಗದ್ದಲದಾಗ ಅದರ ಮಾತು ಹಿಂದ ಬಿದ್ದದ ಅಷ್ಟ, ಕಾಯೂ ಟೈಮರ್ ಸ್ವಲ್ಪ ಸಡಲ ಮಾಡ್ರಿ, ಮಾಡುತ್ತಾಳೆ, ಹಸಿರು, ಹಸಿರಾಗಿಯೇ ನಿಂತಿತು, ಇಷ್ಟೇನಾ, ಇಷ್ಟಕ್ಕೇ ಬೆಳಗಿನಿಂದ ಒದ್ದಾಡಿದ್ದಾ — ಬೆಳಿಗ್ಗೆ ಮನೆಯಲ್ಲಿ ಗಂಡ ಕಶ್ಯಪ ಮೇಜು ಬಡಿದ, ಸ್ವಾಧೀನವಿರುವ ಎಡಗೈಯಿಂದಲೇ, ಏನೋ ಹೇಳಲು ಬಾಯಿ ತೆರೆದಿದ್ದ, ಅವಳು ಚಪ್ಪಲಿ ಮೆಟ್ಟುತ್ತ, ಕಾಫಿಯಾ, ನೀರಾ, ಫ್ಯಾನಾ, ಲೋಕಲ್ ಟ್ರೈನು ತಪ್ತದೆ ನಂಗೆ, ಅತ್ತೆಗೆ ಹೇಳಿ, ಸ್ಟ್ರೋಕ್ ಆದಂದಿನಿಂದ ಹೀಗೇ, ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ, ಡೊಂಬಿವಲಿಯ ನಾಟಕಗಳಲ್ಲಿ ಮಾತು ನೆನಪಿಸುವ ಪ್ರಾಂಪ್ಟರ್ ಬೇಡವೆನ್ನುತ್ತಿದ್ದ ಗಂಡ, ಅವನ ಬಾಯಿಗೆ ಮನೆಯವರೆಲ್ಲ ಈಗ ಮಾತು ತುರುಕುವವರೇ, ಕಲ್ಯಾಣದ ಥೆರಪಿಸ್ಟ್ ರಮಿತಾ ಎಷ್ಟು ಸಲ ಹೇಳಿಲ್ಲ, ಟೈಮ್ ದೋ ಉನ್ಕೋ, ಶಬ್ದ್ ಅಂದರ್ ಹೈ, ಸಮಯ ಕೊಡಬೇಕು, ಒಳಗಿದೆ, ಮಾತು ಒಳಗೇ ಇದೆ — ಫೋನು ತೆಗೆದುಕೊಂಡು ಕಿಟಕಿಯ ಬಳಿ ಬಂದಿದ್ದಾಳೆ, ವಿಡಿಯೋದಲ್ಲಿ ಠಾಕುರ್ಲಿಯ ಮನೆ, ವಸಂತಿ ಅತ್ತೆಯ ಮುಖ, ಎಂತ ಅಪರ್ಣಾ, ಅವನದ್ದು ಊಟ ಆಯ್ತು, ಸಾರು ಸೇರಿತು ಇವತ್ತು — ಅತ್ತೆ, ಫೋನು ಇವರ ಮುಂದೆ ಹಿಡೀರಿ, ನೀವೆಂತ ಹೇಳ್ಬೇಡಿ ಆಯ್ತಾ — ರೀ, ಬೆಳಿಗ್ಗೆ ಎಂತ ಹೇಳ್ಲಿಕ್ಕಿತ್ತು ನಿಮಗೆ? ಅವನು ನೋಡುತ್ತಾನೆ, ಹುಬ್ಬು ಗಂಟಿಕ್ಕುತ್ತದೆ, ಏನೂ ಇಲ್ಲ, ಇನ್ನೂ ಏನೂ ಇಲ್ಲ, ಹಿಂದಿನಿಂದ ಅತ್ತೆ, ಮಾತ್ರೆ ಅಂತ ಕಾಣ್ತದೆ — ಅತ್ತೆ! — ಕಾಫಿ ಎಂಬ ಪದ ಅವಳ ನಾಲಿಗೆಯ ತುದಿಗೂ ಬಂದಿದೆ, ಹಲ್ಲು ಕಚ್ಚಿ ಹಿಡಿದಿದ್ದಾಳೆ, ಬಾಳಪ್ಪ ಕರೆಯುತ್ತಿದ್ದಾರೆ, ತಿರುಗದೆ ಕೈ ಎತ್ತಿ ತಡೆಯುತ್ತಾಳೆ, ಇರಲಿ, ಎಷ್ಟು ಹೊತ್ತಾದರೂ ಆಗಲಿ, ಅ, ಎಂದ ಅವನು, ಅ, ಎಂದರೆ ಅನ್ನವಾ, ಅಲ್ಲ, ತುಟಿ ಮುಚ್ಚಿತು, ಪಕಾರಕ್ಕೆ ಮುಚ್ಚುವ ಹಾಗೆ — ಹೆಸರು, ಅಯ್ಯೋ, ಅವಳ ಹೆಸರು, ಬೆಳಿಗ್ಗೆ ಬೇಕಾಗಿದ್ದದ್ದು ಕಾಫಿಯಲ್ಲ, ನೀರಲ್ಲ, ಬಾಗಿಲು ದಾಟುವ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅಷ್ಟೇ, ಅವಳು ಕಾಯುತ್ತಾಳೆ, ಮುಚ್ಚಿದ ತುಟಿ, ಬಲಕ್ಕೆ ತುಸು ಜೋತ ತುಟಿ, ನಡುಗುತ್ತಿದೆ, ಮುಚ್ಚಿದ ಆ ತುಟಿ, ಇನ್ನೇನು ತೆರೆಯಲಿರುವ ಆ ತುಟಿ