ಒಳಗೂ ಅಲ್ಲದ, ಹೊರಗೂ ಅಲ್ಲದ ಸೊಸೆ

ಸವಳಂಗದ ದುರುಗಮ್ಮನ ಮನೆಯಲ್ಲಿ ಹೆಂಗಸರಿಗೆ ಎರಡೇ ಜಾಗ: ಒಳಗೆ, ಇಲ್ಲವೇ ಹೊರಗೆ. ಮುಟ್ಟಾದವಳು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಚಾಪೆ ಹಾಕಿಕೊಂಡು ಕೂರಬೇಕು, ಯಾರನ್ನೂ ಮುಟ್ಟಬಾರದು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇವೆರಡರ ನಡುವೆ ಮೂರನೆಯದೊಂದು ಸ್ಥಿತಿ ಇರಬಹುದು ಎಂದು ಯಾರಾದರೂ ಹೇಳಿದ್ದರೆ ದುರುಗಮ್ಮ ಅವರ ಮೇಲೆ ಒನಕೆ ಎತ್ತುತ್ತಿದ್ದಳು. ಊರ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದ್ದಳು. ಆ ಓದಿನ ಬಲದಿಂದ, ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎಂದುಕೊಂಡಿದ್ದಳು.

ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಾಗಿದ್ದ ಆ ದಿನಗಳಲ್ಲಿ ಅವಳ ಮನೆಗೆ ಒಂದು ಸಂತೋಷ ಬಂದಿತ್ತು. ಮಗ ಅಂಜಿನಪ್ಪನ ಹೆಂಡತಿ ಅಜ್ಜಮ್ಮನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮುಟ್ಟು ನಿಂತಿತ್ತು. ಬೆಳಗಾದರೆ ಓಕರಿಕೆ, ಒಗ್ಗರಣೆಯ ವಾಸನೆ ಬಂದರೆ ಹಿತ್ತಿಲಿಗೆ ಓಟ. ದುರುಗಮ್ಮ ಬಾವಿಕಟ್ಟೆಯಲ್ಲಿ ಈ ಸುದ್ದಿಯನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಬಾವಿಗೇ ಮೊದಲು ಗೊತ್ತಾಯಿತು ಎಂದು ಪಕ್ಕದ ಮನೆಯ ಚೌಡಕ್ಕ ನಕ್ಕಳು.

ಒಂದು ಮಧ್ಯಾಹ್ನ ಅಜ್ಜಮ್ಮ ಹಿತ್ತಿಲಿಂದ ಬಂದವಳು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

"ಅತ್ತೆ, ಬಟ್ಟೆಗೆ ಕಲೆ ಆಗೈತೆ."

ದುರುಗಮ್ಮನಿಗೆ ದುಃಖವೂ ಸಿಟ್ಟಾಗಿಯೇ ಬರುತ್ತಿತ್ತು. "ಆತು ಬಿಡು! ಊರಿಗೆಲ್ಲಾ ಹೇಳಿ ಬಂದೀನಿ, ಈಗ ನನ್ನ ಮುಖ ಎಲ್ಲಿ ಇಡ್ಲಿ? ನಡಿ, ಚಪ್ಪರಕ್ಕೆ!"

ಅಜ್ಜಮ್ಮ ಚಪ್ಪರಕ್ಕೆ ಹೋದಳು. ಮಾರನೆಯ ದಿನ ಕಲೆಯೇ ಇಲ್ಲ. ನಿಯಮ ನಿಯಮವೇ, ನಾಲ್ಕನೆಯ ದಿನ ಮಿಂದು ಒಳಗೆ ಬಂದಳು. ಆ ಸಂಜೆಗೇ ಮತ್ತೆ ಒಂದು ಹನಿ. ಮತ್ತೆ ಚಪ್ಪರ. ಸೊಸೆ ಹೊರಗೆ ಕೂತಷ್ಟು ದಿನವೂ ನೀರು ಸೇದುವುದು, ರಾಗಿ ಬೀಸುವುದು, ಸಗಣಿ ಬಾಚುವುದು ಎಲ್ಲ ದುರುಗಮ್ಮನ ಪಾಲಿಗೆ. ಸೊಂಟ ಹಿಡಿದುಕೊಂಡಿತು, ನಾಲಿಗೆ ಬಿಟ್ಟುಕೊಂಡಿತು.

"ಒಳಗೋ ಹೊರಗೋ, ಒಂದು ತೀರ್ಮಾನ ಮಾಡೇ!" ಎಂದು ಅಂಗಳದಿಂದ ಕೂಗಿದಳು, ಸೊಸೆ ಕೂತು ತೀರ್ಮಾನ ಮಾಡಬಹುದಾದ ವಿಷಯವೇ ಇದು ಎಂಬಂತೆ.

ಕೊನೆಗೆ ತಾನೇ ತೀರ್ಮಾನ ಮಾಡಿದಳು. ನಿಂತಿದ್ದ ಮುಟ್ಟು ಸರಿಯಾಗಿ ಹೋಗದೆ ಒಳಗೇ ಸಿಕ್ಕಿಕೊಂಡಿದೆ, ಅದನ್ನು ಇಳಿಸಬೇಕು. ಕಪ್ಪೆಳ್ಳು, ಹಳೇ ಬೆಲ್ಲ, ಇನ್ನೂ ಏನೇನೋ ಬೇರು ಹಾಕಿ ಕಷಾಯ ಕಾಸಿದಳು. ಮುಟ್ಟಬಾರದಲ್ಲ, ಲೋಟವನ್ನು ಚಪ್ಪರದ ಅಂಚಿನಲ್ಲಿಟ್ಟು ದೂರ ಸರಿದು ನಿಂತಳು.

"ಕುಡಿ. ಎಲ್ಲಾ ತೊಳೆದು ಹೋಗ್ತೈತೆ."

"ನಾನು ಕುಡಿಯಾಕಿಲ್ಲ ಅತ್ತೆ."

ದುರುಗಮ್ಮನಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. "ಏನಂದೆ?"

"ಇದು ಮುಟ್ಟಲ್ಲ. ಮುಟ್ಟು ನನಗೆ ಗೊತ್ತಿಲ್ವಾ? ಆಗ ಕೆಂಪಗೆ ಹೋಗ್ತೈತೆ, ಸೊಂಟ ಸೆಳೀತೈತೆ. ಇದು ಕಂದು ಬಣ್ಣ, ಒಂದೊಂದೇ ಹನಿ. ಓಕರಿಕೆ ಇನ್ನೂ ಐತೆ. ಕೂಸು ಒಳಗೇ ಇದ್ರೆ? ನಿಮ್ಮ ಕಷಾಯ ಅದನ್ನೂ ತೊಳೀತೈತಲ್ಲ!"

ದೂರದಿಂದ ಹೇಳಬೇಕಾದ್ದರಿಂದ ಕೂಗಿಯೇ ಹೇಳಿದಳು. ಬೇಲಿಯಾಚೆ ಚೌಡಕ್ಕನ ತಲೆ ಕಾಣಿಸಿತು.

"ಹುಡುಗಿ ಹೇಳೋದು ಸರಿ ಐತಲ್ಲೇ ದುರುಗಿ," ಎಂದಳು ಚೌಡಕ್ಕ. "ಹೊನ್ನಾಳಿ ಆಸ್ಪತ್ರೆ ನರ್ಸಮ್ಮನಿಗಾದ್ರೂ ತೋರ್ಸು."

"ನಿನ್ನ ಕೇಳಿದ್ನಾ?" ಎಂದು ದುರುಗಮ್ಮ ಹರಿಹಾಯ್ದಳು. ಆದರೆ 'ಕೂಸು ಒಳಗೇ ಇದ್ರೆ' ಎಂಬ ಮಾತು ಅವಳನ್ನು ಬಿಡಲಿಲ್ಲ. ಲೋಟದ ಕಡೆ ನೋಡಿದಳು. ಕಪ್ಪಗಿದ್ದ ಕಷಾಯದಿಂದ ಇನ್ನೂ ಹಬೆ ಏಳುತ್ತಿತ್ತು. ಸೊಸೆ ಮಾತು ಕೇಳುವ ಹುಡುಗಿ. ಎಂದಿನಂತೆ ಸುಮ್ಮನೆ ಎತ್ತಿ ಕುಡಿದುಬಿಟ್ಟಿದ್ದರೆ? ದುರುಗಮ್ಮ ಲೋಟವನ್ನು ತಿಪ್ಪೆಗೆ ಸುರಿದಳು.

ಮಾರನೆಯ ಬೆಳಿಗ್ಗೆ ಪೆಟ್ರೋಲ್ ಸಿಗದ್ದರಿಂದ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದರು. ಬಸ್ಸಿನಲ್ಲೂ ದುರುಗಮ್ಮ ನಿಯಮ ಬಿಡಲಿಲ್ಲ. ಸೀಟಿನ ಆ ತುದಿಗೆ ಸೊಸೆ, ಈ ತುದಿಗೆ ತಾನು, ನಡುವೆ ಬುತ್ತಿಗಂಟು. ನ್ಯಾಮತಿ ದಾಟುವಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಬಿದ್ದೆದ್ದಿತು. ಗಂಟು ಕೆಳಗೆ, ಸೊಸೆ ಅತ್ತೆಯ ತೊಡೆಯ ಮೇಲೆ. ದುರುಗಮ್ಮ ತಳ್ಳಲು ಎತ್ತಿದ ಕೈ ತಾನಾಗಿಯೇ ಸೊಸೆಯ ಹೊಟ್ಟೆಗೆ ಅಡ್ಡವಾಯಿತು. ಇಷ್ಟು ದಿನ ಕಾಪಾಡಿದ ಮಡಿ ಹೋಯಿತು. ಹೋದರೆ ಹೋಗಲಿ ಎಂದುಕೊಂಡು ಹೊನ್ನಾಳಿಯವರೆಗೂ ಹಾಗೇ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಪ್ರಶ್ನೆ ಕೇಳಿದಳು. ಎಲ್ಲಕ್ಕೂ ದುರುಗಮ್ಮನೇ ಉತ್ತರ ಕೊಟ್ಟಳು.

"ಹೊಟ್ಟೆನೋವು ಐತಾ?"

"ಇಲ್ಲ."

"ಬಸುರಿ ನೀವಾ, ಅವಳಾ?" ಎಂದಳು ನರ್ಸಮ್ಮ.

ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಕಿಸಕ್ಕೆಂದರು. ದುರುಗಮ್ಮ ಹಿಂದಕ್ಕೆ ಸರಿದು ನಿಂತಳು. ಆಗ ಅಜ್ಜಮ್ಮ ಎಲ್ಲವನ್ನೂ ಹೇಳಿದಳು. ಬಿಳಿ ಹೋಗುವುದೂ ಈಚೆಗೆ ಜಾಸ್ತಿಯಾಗಿದೆ ಎಂದಳು. ಅದು ಅತ್ತೆಗೆ ಹೊಸ ಸುದ್ದಿ.

"ಬಸುರಿಯಾದಾಗ ಬಿಳಿ ಜಾಸ್ತಿ ಹೋಗ್ತೈತೆ, ಹೆದರಬ್ಯಾಡ," ಎಂದಳು ನರ್ಸಮ್ಮ ಪರೀಕ್ಷೆ ಮುಗಿಸಿ. "ಕೆಟ್ಟ ವಾಸನೆ ಬಂದ್ರೆ, ತುರಿಕೆ ಆದ್ರೆ, ಹಸಿರು ಹಳದಿ ಆದ್ರೆ ಬಾ. ಈ ಕಲೆ ಎಷ್ಟೋ ಬಸುರೇರಿಗೆ ಮೊದಮೊದಲು ಕಾಣ್ತೈತೆ. ಸುಮಾರು ಜನಕ್ಕೆ ನಿಂತು ಕೂಸೂ ಆಗ್ತೈತೆ. ಕೆಲವರಿಗೆ ಉಳಿಯಾಕಿಲ್ಲ."

"ಇವಳದು ಯಾವುದು?" ಎಂದಳು ದುರುಗಮ್ಮ.

"ಇವತ್ತೇ ಹೇಳಾಕಾಗಲ್ಲ."

"ಮತ್ತೆ ನಿಮಗೆ ಸಂಬಳ ಯಾಕೆ ಕೊಡ್ತಾರೆ?"

"ಗೊತ್ತಿಲ್ಲದ್ದನ್ನ ಗೊತ್ತೈತೆ ಅಂತ ಹೇಳಬಾರದು ಅಂತ," ಎಂದು ನರ್ಸಮ್ಮ ನಕ್ಕಳು. ಮತ್ತೆ ಅಜ್ಜಮ್ಮನ ಕಡೆ ತಿರುಗಿದಳು. "ಬಟ್ಟೆ ತೊಯ್ಯೋವಷ್ಟು ಹೋದ್ರೆ, ಹೊಟ್ಟೆ ಒಂದು ಕಡೆ ಕಿತ್ತು ಬಂದಂಗಾದ್ರೆ, ಕಣ್ಣು ಕತ್ತಲೆ ಬಂದ್ರೆ, ಜ್ವರ ಬಂದ್ರೆ, ಹೊತ್ತು ನೋಡದೆ ಬಂದುಬಿಡು. ಭಾರ ಎತ್ತಬ್ಯಾಡ. ಕಷಾಯ ಗಿಷಾಯ ಮುಟ್ಟಬ್ಯಾಡ."

'ಕಷಾಯ' ಎಂದಾಗ ಅಜ್ಜಮ್ಮ ಅತ್ತೆಯ ಮುಖ ನೋಡಲಿಲ್ಲ. ಅವಳು ನೋಡಲಿಲ್ಲವಲ್ಲ, ಅದೇ ದುರುಗಮ್ಮನಿಗೆ ಹೆಚ್ಚು ಚುಚ್ಚಿತು.

ಊರಿಗೆ ಬಂದ ಮೇಲೂ ಕಲೆ ಕಾಣಿಸಿತು. ಸೊಸೆಯನ್ನು ಚಪ್ಪರಕ್ಕೆ ಕಳಿಸಲಿಲ್ಲ. ದುರುಗಮ್ಮನೇ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ಬಣ್ಣ ನೋಡಿದಳು, ಮೂಗಿಗೂ ಹಿಡಿದಳು. "ನೋವು ಐತಾ? ತಲೆ ತಿರುಗ್ತೈತಾ?" ಎಂದು ಕೇಳಿ, ಉತ್ತರವನ್ನು ತಾನೇ ಹೇಳದೆ ಕಾದಳು. ಇದು ಅವಳಿಗೆ ನೀರು ಸೇದುವುದಕ್ಕಿಂತ ಕಷ್ಟದ ಕೆಲಸ. "ಕೂಸು ನಿಲ್ತೈತಾ ಅತ್ತೆ?" ಎಂದು ಅಜ್ಜಮ್ಮ ಕೇಳಿದಾಗ, "ನನಗೇನು ಗೊತ್ತೇ ತಾಯಿ," ಎಂದು ಪಕ್ಕದಲ್ಲಿ ಕೂತಳು.

ಕಲೆ ಬರಬರುತ್ತಾ ಕಡಿಮೆಯಾಗಿ ನಿಂತಿತು. ಸೀರೆಯ ನೆರಿಗೆ ಮುಂದಕ್ಕೆ ಬಂತು. ಒಂದು ದಿನ ರೊಟ್ಟಿ ತಿನ್ನುತ್ತಿದ್ದ ಅಜ್ಜಮ್ಮ ತಟ್ಟನೆ ಅತ್ತೆಯ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ಅತ್ತೆ, ಇಲ್ಲಿ! ಏನೋ ಮಿಸುಕಿದಂಗಾತು!"

ದುರುಗಮ್ಮ ಕಣ್ಣು ಮುಚ್ಚಿ, ಎಲ್ಲ ಬಲ್ಲವಳಂತೆ ಪರೀಕ್ಷಿಸಿದಳು. "ವಾಯು ಕಣೇ. ಅವರೆಕಾಳು ಜಾಸ್ತಿ ತಿಂದೀಯ."

ಅಂಗೈಯ ಕೆಳಗಿನಿಂದ ಒಂದು ಒದೆ ಬಿತ್ತು.