ಬೋರ್‌ವೆಲ್‌ನೊಳಗಿಂದ ಹಾರ್ನ್

ನಲ್ಲಿ ಎರಡು ಸಲ ಬಿಕ್ಕಿತು, ಗಾಳಿ ಉಗುಳಿತು, ಸುಮ್ಮನಾಯಿತು. ಲಾಂಡ್ರಿಯವನ ತೊಟ್ಟಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳು ನೊರೆಯಲ್ಲೇ ಕೂತಿದ್ದವು.

"ಈ ನಲ್ಲೀನ ನಂಬಿದ್ರೆ ಕಣ್ಣೀರಲ್ಲೇ ಬಟ್ಟೆ ಜಾಲಿಸಬೇಕು. ಹಿತ್ತಲಲ್ಲಿ ಬೋರ್ ಹೊಡೆಸ್ತೀನಿ," ಎಂದ.

ಡ್ಯೂಟಿಗೆ ಹೊರಟು ಬೂಟಿನ ಲೇಸು ಕಟ್ಟುತ್ತಿದ್ದ ತಂಗಿ ತಲೆ ಎತ್ತಿದಳು. ಅವಳು ಸುರಂಗ ಮೆಟ್ರೋದಲ್ಲಿ ರೈಲು ಓಡಿಸುವವಳು.

"ಅಣ್ಣಾ, ಮೊದಲು ಮೆಟ್ರೋ ಆಫೀಸಲ್ಲಿ ಕೇಳು. ನಮ್ಮ ಹಿತ್ತಲ ಕೆಳಗೇ ಸುರಂಗ ಇದೆ."

"ಹೋಗೇ ಗುಬ್ಬಿ! ಸ್ಟೇಷನ್ ಇರೋದು ದೊಡ್ಡ ರಸ್ತೇಲಿ. ರೈಲು ನಮ್ಮ ಹಿತ್ತಲಿಗ್ಯಾಕೆ ಬರತ್ತೆ, ಬಟ್ಟೆ ಒಗೆಸೋಕಾ?"

"ಸ್ಟೇಷನ್ ರಸ್ತೇಲಿದ್ರೆ ಸುರಂಗಾನೂ ರಸ್ತೆ ಹಿಡಿದೇ ಹೋಗಬೇಕಾ? ನಡುವೆ ಮನೆಗಳ ಅಡೀಲೇ ಹೋಗತ್ತೆ."

ಅತ್ತಿಗೆ ಬಾಯಿ ಹಾಕಿದಳು. "ಲೋಟದ ನೀರೂ ಅಲ್ಲಾಡಲ್ಲ ಕಣೇ. ಕೆಳಗೆ ರೈಲು ಹೋದ್ರೆ ಗೊತ್ತಾಗಲ್ವಾ?"

"ಅಲ್ಲಾಡಬಾರದು ಅಂತಾನೇ ಹಳಿ ಕೆಳಗೆ ರಬ್ಬರ್ ಹಾಕಿರೋದು ಅತ್ತಿಗೆ. ನಾಳೆ ನನಗೆ ರಜ. ನಾನೇ ಜೊತೆಗೆ ಬಂದು ಕೇಳ್ತೀನಿ. ಒಂದಿನ ತಡ್ಕೊಳ್ಳಿ."

"ಜಾಗ ನಂದು. ಮೇಲೂ ನಂದು, ಕೆಳಗೂ ನಂದು," ಎಂದ ಅಣ್ಣ.

ತಂಗಿ ಬಾಗಿಲು ದಾಟಿದ್ದೇ ತಡ, ಬೋರ್ ಮೇಸ್ತ್ರಿಗೆ ಫೋನ್ ಹೋಯಿತು. ಕೊರೆಯುವ ಯಂತ್ರ ಹೊತ್ತ ಲಾರಿ ಬಂತು. ಕೆಳಗೇನಿದೆ ಎಂದು ಮೇಸ್ತ್ರಿಯೂ ಕೇಳಲಿಲ್ಲ.

ಮೊದಲು ಮಣ್ಣು ಹಾರಿತು, ಆಮೇಲೆ ಕಲ್ಲುಪುಡಿ. ಮಧ್ಯಾಹ್ನದ ಹೊತ್ತಿಗೆ ಸಿಮೆಂಟಿನಂಥ ಬೂದು ಪುಡಿ, ಅದರಲ್ಲಿ ಹೊಳೆಯುವ ಚೂರುಗಳು. ಅತ್ತಿಗೆ ಒಂದನ್ನು ಎತ್ತಿಕೊಂಡಳು.

"ರೀ, ಇದು ಕಬ್ಬಿಣ. ಭೂಮಿ ಹೊಟ್ಟೇಲಿ ಸರಳು ಬೆಳೆಯತ್ತಾ?"

"ಸುಮ್ನಿರೇ. ನೀರು ಬರೋ ಹೊತ್ತಲ್ಲಿ ಬಾಯಿ ಬಿಡಬೇಡ."

ಯಂತ್ರದ ರಾಡು ಧಡಕ್ಕನೆ ಕೆಳಗೆ ಜಾರಿತು. ಪುಡಿ ಹಾರುವುದು ನಿಂತಿತು.

"ಪೊಳ್ಳು ಸಿಕ್ತು ಸಾರ್!" ಎಂದು ಮೇಸ್ತ್ರಿ ಯಂತ್ರ ನಿಲ್ಲಿಸಿದ. ನೀರಿನ ಸದ್ದಿಗಾಗಿ ಮೂವರೂ ಬಗ್ಗಿ ಕಿವಿಗೊಟ್ಟರು.

ನೀರಿನ ಸದ್ದಿಲ್ಲ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಅದರ ಬೆನ್ನಿಗೇ ನೆಲದಾಳದಿಂದ ಹಾರ್ನ್. ಬಿಡದೆ ಕೂಗುವ ಹಾರ್ನ್. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಕಿರುಚು. ಆಮೇಲೆ ಏನೂ ಇಲ್ಲ.

ಅತ್ತಿಗೆಯ ಕೈಯಿಂದ ಕಬ್ಬಿಣದ ಚೂರು ಬಿತ್ತು.

"ರೀ... ಅವಳು ಡ್ಯೂಟೀಲಿದ್ದಾಳೆ."

ಲಾಂಡ್ರಿಯವನು ಪುಡಿಯಲ್ಲೇ ಬೋರಲು ಬಿದ್ದು, ರಾಡಿನ ಪಕ್ಕದ ಸಂದಿಗೆ ಬಾಯಿ ಇಟ್ಟು ಕೂಗಿದ. "ಗುಬ್ಬೀ! ಗುಬ್ಬೀ!" ಕೆಳಗಿಂದ ಉತ್ತರವಿಲ್ಲ. ಅವಳ ಫೋನೂ ಸಿಗಲಿಲ್ಲ.

ಸಂಜೆ ಅವಳು ಮೆಟ್ರೋ ಅಧಿಕಾರಿಗಳ ಜೊತೆ ಬಂದಳು. ಕೂದಲ ತುಂಬ ಬೂದು ಪುಡಿ. ಅಣ್ಣ ಅವಳ ಕೈ, ತೋಳು, ತಲೆ ಮುಟ್ಟಿ ಮುಟ್ಟಿ ನೋಡಿದ.

"ಬ್ರೇಕ್ ಹಿಡೀತು, ಅದಕ್ಕೆ ಇದ್ದೀನಿ," ಎಂದಳು. "ರಾಡು ನನ್ನ ಗಾಜಿನ ಮುಂದೆ ನೇತಾಡ್ತಿತ್ತು. ಒಳಗೆ ಜನ ಒಬ್ಬರ ಮೇಲೊಬ್ಬರು ಬಿದ್ರು. ಒಬ್ಬ ಅಜ್ಜಿಗೆ ಕೈ ಮುರಿದಿದೆ. ಕತ್ತಲಲ್ಲಿ ಎಲ್ಲರನ್ನೂ ಇಳಿಸ್ತಿದ್ದೆ. ಆಗ ಮೇಲಿಂದ ಯಾರೋ ಗುಬ್ಬೀ ಅಂತ ಕೂಗಿದ್ರು."

ಕೂದಲ ಪುಡಿ ಕೊಡವಿದಳು.

"ಅಲ್ಲೀವರೆಗೂ ತೂತು ಯಾರದ್ದು ಅಂತ ಗೊತ್ತಿರಲಿಲ್ಲ ಅಣ್ಣಾ."

ಅಧಿಕಾರಿ ಕೇಳುವ ಮೊದಲೇ ಲಾಂಡ್ರಿಯವನು ಮುಂದೆ ಬಂದ. "ನಾನೇ ಹೊಡೆಸಿದ್ದು. ತಂಗಿ ಬೇಡ ಅಂದಿದ್ಲು." ಆಮೇಲೆ ಗೋಡೆಯಾಚೆ ನಿಂತಿದ್ದ ಪಕ್ಕದ ಮನೆಯವನತ್ತ ತಿರುಗಿದ. "ನೀನೂ ಬೋರ್ ಹೊಡೆಸ್ತೀನಿ ಅಂತಿದ್ಯಲ್ಲ ಮಾರಾಯ? ಮೊದಲು ಹೋಗಿ ಕೇಳು. ನಿನ್ನ ಕಾಲಿಗೆ ಬೀಳ್ತೀನಿ."

ನಿಮ್ಮ ಊರಲ್ಲೂ ನೆಲದಡಿ ರೈಲು ಓಡುತ್ತಿದೆಯೇ? ಹಾಗಿದ್ದರೆ ಬೋರ್ ಹೊಡೆಸುವ ಮೊದಲು, ಪಾಯ ತೋಡುವ ಮೊದಲು ಮೆಟ್ರೋ ಕಚೇರಿಯಲ್ಲಿ ವಿಚಾರಿಸಿ. ರಸ್ತೆ ದೂರವಿದೆ, ಮನೆ ಅಲುಗುವುದಿಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಕೊರೆಯುವಾಗ ಸಿಮೆಂಟು ಪುಡಿ, ಕಬ್ಬಿಣ ಕಂಡರೆ ತಕ್ಷಣ ನಿಲ್ಲಿಸಿ, ಮುಚ್ಚಿಡದೆ ಫೋನ್ ಮಾಡಿ. ಹಿತ್ತಲು ನಿಮ್ಮದೇ, ನಿಜ. ಆದರೆ ಅದರಡಿ ಈ ಹೊತ್ತು ಯಾರ ಮನೆಯ ಗುಬ್ಬಿ ಹೋಗುತ್ತಿದ್ದಾಳೋ, ಒಮ್ಮೆ ಕೇಳಿ.