ಅಡ್ಡ ಬಂದವರು

“ದೂರ ನಿಂತ್ಕೊಳ್ಳೇ ಹಾಳಾದೋಳೆ. ಮೀನು ನಾತ ಹೊಡೀತಿದೀಯ.”

ಧಣಿ ಹೀಗೆ ಗದರಿದಾಗ ಕುಳ್ಳಿ ವಾಟರ್ ಸ್ಕೂಟರನ್ನು ನೀರಿಗೆ ತಳ್ಳುತ್ತಿದ್ದಳು. ದೂರ ನಿಂತು ತಳ್ಳುವ ವಿದ್ಯೆ ಅವಳಿಗಿನ್ನೂ ಕೈಹತ್ತಿರಲಿಲ್ಲ. ಸವಾರಿಗೆ ಬಂದಿದ್ದ ಅತಿಥಿ ಬಿಯರ್ ಬಾಟಲಿಯನ್ನು ಮರಳಿಗೆಸೆದು, ಲೈಫ್ ಜಾಕೆಟನ್ನು ಕಾಲಲ್ಲಿ ಒದ್ದ.

“ಆ ತೇಲೋ ಗುಂಡುಗಳ ಆಚೆ ಹೋಗ್ತೀನಿ. ಆಮೆ ಥರ ಓಡ್ಸೋಕೆ ಬಂದಿಲ್ಲ ನಾನು.”

ಸವಾರಿಯ ಗಡಿ ತೋರಿಸುವ ಆ ಗುಂಡುಗಳ ಆಚೆ ಎದೆಮಟ್ಟದ ನೀರಿನಲ್ಲಿ ಕುಳ್ಳಿಯ ತಂಗಿ, ಓರಗಿತ್ತಿ, ಇನ್ನೂ ಏಳು ಹೆಂಗಸರು ಚಿಪ್ಪು ಹೆಕ್ಕುತ್ತಿದ್ದರು. ಕೆಸರಿನಲ್ಲಿ ಕಾಲಿಗೆ ತಗುಲಿದ್ದನ್ನು ಮುಳುಗಿಯೇ ಎತ್ತಬೇಕು. ಮುಳುಗಿದವಳು ಯಾರಿಗೂ ಕಾಣುವುದಿಲ್ಲ. ಹೋದ ತಿಂಗಳು ಕುಳ್ಳಿಯ ಅತ್ತೆ ಹಾಗೆ ಮುಳುಗಿ ಏಳುವಾಗಲೇ ಇಂಥವನೇ ಒಬ್ಬ ಅತಿಥಿ ಅವಳ ಮೇಲೆ ಸ್ಕೂಟರ್ ಹಾಯಿಸಿದ್ದ. ವಿಚಾರಣೆಗೆ ಬಂದ ಸರ್ಕಾರಿ ಸಾಹೇಬರು ಬರೆದುಕೊಂಡದ್ದು ಒಂದೇ ಸಾಲು: ಮುದುಕಿ ಅಡ್ಡ ಬಂದಳು.

ಅದೇ ಸಾಹೇಬರು ಇಂದು ತಪಾಸಣೆಗೆಂದು ಬಂದು, ಧಣಿಯ ಕೊಡೆಯಡಿ ಕೋಳಿಕಾಲು ಕಚ್ಚುತ್ತಿದ್ದರು.

“ನಿಯಮ ಒಪ್ಪಿಸೇ,” ಎಂದ ಧಣಿ. ಅಕ್ಷರ ಬಾರದ ಕುಳ್ಳಿಗೆ ಈ ದಿನಕ್ಕೆಂದೇ ಗಿಣಿಪಾಠ ಮಾಡಿಸಿದ್ದ.

“ಕುಡಿದೋರು ಹತ್ತಬಾರ್ದು. ಜಾಕೆಟ್ ಇಲ್ದೆ ಹೋಗಬಾರ್ದು. ಗುಂಡು ದಾಟಬಾರ್ದು. ಜನ ಇರೋ ಕಡೆ ಓಡಿಸಬಾರ್ದು. ಕೆಂಪು ದಾರ ಓಡ್ಸೋರ ಕೈಗೆ ಕಟ್ಟಿರ್ಬೇಕು, ಅವ್ರು ಬಿದ್ರೆ ದಾರ ಕಿತ್ಕೊಂಡು ಇಂಜಿನ್ ನಿಲ್ಲುತ್ತೆ. ದಾರ ಇಲ್ದಿದ್ರೆ ಗಾಡಿ ಶುರೂನೇ ಆಗಲ್ಲ.”

“ಭೇಷ್,” ಎಂದರು ಸಾಹೇಬರು, ಬೆರಳು ನೆಕ್ಕುತ್ತ. ಅವರ ಕಣ್ಣೆದುರೇ ಕುಡಿದವನು ತೂರಾಡುತ್ತ ಸ್ಕೂಟರ್ ಹತ್ತಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

“ಸಾಹೇಬ್ರೆ, ಇವ್ರು ಕುಡಿದಿದಾರೆ. ಆಚೆ ನನ್ ತಂಗಿ ಇದಾಳೆ.”

ಸಾಹೇಬರು ಇನ್ನೊಂದು ಕೋಳಿಕಾಲು ಆರಿಸಿಕೊಂಡರು.

“ನಿಂಗೆ ಒಪ್ಪಿಸು ಅಂದಿದ್ದು, ಪಾಲಿಸು ಅಂತಲ್ಲ,” ಎಂದು ಧಣಿ ಹಲ್ಲು ಕಡಿದ. “ದಾರ ಕೊಡೇ ಮುಂಡೆ.”

 ಆರು ಸ್ಕೂಟರುಗಳ ಆರು ದಾರಗಳೂ ಕುಳ್ಳಿಯ ಸೊಂಟದ ಚೀಲದಲ್ಲಿದ್ದವು. ಒಂದೊಂದಾಗಿ ತೆಗೆದು ಆರನ್ನೂ ತನ್ನ ಮಣಿಕಟ್ಟಿಗೇ ಕಟ್ಟಿಕೊಂಡಳು. ಆಮೇಲೆ ನೀರಿಗಿಳಿದು ನಡೆದಳು.

“ಕೆಲ್ಸ ಹೋಗುತ್ತೆ ಕಣೇ ಸೂಳೆ, ವಾಪಸ್ ಬಾರೇ.” ಅಟ್ಟಿಸಿಕೊಂಡು ಬಂದ ಧಣಿ ಮೊಣಕಾಲಷ್ಟು ನೀರಿನಲ್ಲೇ ನಿಂತುಬಿಟ್ಟ. ನೀರಿನಿಂದಲೇ ಉಣ್ಣುವ ಅವನಿಗೆ ಈಜು ಬರುತ್ತಿರಲಿಲ್ಲ.

ಗುಂಡುಗಳ ಆಚೆ, ಉಳಿದವರಿಗೆ ಎದೆಮಟ್ಟದ ನೀರು ಕುಳ್ಳಿಗೆ ಕತ್ತಿನವರೆಗೆ ಬಂತು. ತಂಗಿಯ ಪಕ್ಕ ನಿಂತು ಅವಳು ದಾರ ಕಟ್ಟಿದ ಕೈಯನ್ನು ಮೇಲೆತ್ತಿದಳು. ಮುಳುಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ದಡದ ಕಡೆ ತಿರುಗಿ ಅವಳ ಪಕ್ಕಕ್ಕೆ ಬಂದು ನಿಂತರು.

“ಸಾಹೇಬ್ರೆ, ಕೈ ಒರೆಸ್ಕೊಂಡು ಬುಕ್ ತೆಗೀರಿ,” ಎಂದು ಕೂಗಿದಳು ಕುಳ್ಳಿ. “ಅಡ್ಡ ಬಂದೋರು ಹತ್ತು ಜನ. ಬರ್ಕೊಳ್ಳಿ.”